ಚಂದ್ರ ಆರ್ಯ ಅವರ ನೇಪಿಯನ್ ಕ್ಷೇತ್ರ ಎಲ್ಲಿಂದ ಬಂತು?

ಪ್ರಶ್ನೆ: ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರು ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನೇಪಿಯನ್ ಕ್ಷೇತ್ರದ ಸದಸ್ಯರಾಗಿದ್ದರು. 2025ರಲ್ಲಿ ಅದೇ ಕ್ಷೇತ್ರದಿಂದ ಪ್ರಧಾನಿ ಮಾರ್ಕ್ ಕಾರ್ನಿ ಗೆದ್ದರು. ಇತ್ತ ವಿರೋಧ ಪಕ್ಷದ ನಾಯಕ ಪಿಯೆರ್ ಪೊಲಿಯೆವ್ ಕೂಡ ಹಿಂದೆ ನೇಪಿಯನ್ ಸದಸ್ಯರಾಗಿದ್ದರೆಂದು ಕೆಲವರು ಬರೆಯುತ್ತಾರೆ. ಕ್ಷೇತ್ರ ಆರಂಭವಾದ ವರ್ಷ ಒಂದು ಕಡೆ 1988 ಎಂದಿದೆ, ಇನ್ನೊಂದು ಕಡೆ 2015 ಎಂದಿದೆ. ಯಾವುದು ಸರಿ? ಹಾಲಿ ಸದಸ್ಯರ ಜಾಗದಲ್ಲಿ ಪಕ್ಷದ ನಾಯಕರು ನಿಲ್ಲುವುದು ಅಲ್ಲಿ ಹಿಂದಿನಿಂದಲೂ ಇರುವ ಪದ್ಧತಿಯೇ? ಮುಂದೆಯೂ ಈ ಕ್ಷೇತ್ರ ಹೀಗೇ ಉಳಿಯುತ್ತದೆಯೇ?

ಉತ್ತರ: ನೀವು ಕಂಡ ಎರಡು ವರ್ಷಗಳೂ ಸರಿಯೇ. ನೇಪಿಯನ್ ಎಂಬ ಹೆಸರಿನ ಫೆಡರಲ್ ಕ್ಷೇತ್ರ ಎರಡು ಬಾರಿ ಹುಟ್ಟಿದೆ. ಮೊದಲನೆಯದು 1987ರ ಮರುವಿಂಗಡಣೆಯಲ್ಲಿ ರೂಪುಗೊಂಡು, 1988 ಮತ್ತು 1993ರ ಎರಡು ಮಹಾಚುನಾವಣೆಗಳನ್ನು ಕಂಡು, 1997ರಲ್ಲಿ ಇಲ್ಲವಾಯಿತು. ಎರಡನೆಯದು 2015ರ ಚುನಾವಣೆಯಿಂದ ಇಂದಿನವರೆಗೆ ಇದೆ. ನಡುವಿನ ಹದಿನೆಂಟು ವರ್ಷ ಅಲ್ಲಿದ್ದುದು ನೇಪಿಯನ್–ಕಾರ್ಲ್‌ಟನ್ ಎಂಬ ಜೋಡಿ ಹೆಸರಿನ ಕ್ಷೇತ್ರ. ಪೊಲಿಯೆವ್ ಗೆದ್ದು ಬರುತ್ತಿದ್ದುದು ಅದರಿಂದ. ಅವರನ್ನು ನೇಪಿಯನ್ ಸದಸ್ಯರೆಂದು ಬರೆಯುವವರು ಹೆಸರಿನ ಉತ್ತರಾರ್ಧವನ್ನು ಬಿಟ್ಟುಬಿಡುತ್ತಾರೆ, ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಆದ್ದರಿಂದ ಹೆಸರಿನ ಬೆನ್ನು ಹತ್ತುವುದಕ್ಕಿಂತ ನೆಲದ ಬೆನ್ನು ಹತ್ತಿದರೆ ಈ ಚರಿತ್ರೆ ಸ್ಪಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನೇಪಿಯನ್ ಮೊದಲಿಗೆ ಕ್ಷೇತ್ರವಲ್ಲ, ಒಂದು ಟೌನ್‌ಶಿಪ್, ಅಂದರೆ ಕೌಂಟಿಯೊಳಗಿನ ಒಂದು ಭೂಭಾಗದ ಘಟಕ. ಒಟ್ಟಾವಾ ನದಿಯ ದಕ್ಷಿಣ ದಡದಲ್ಲಿ 1792ರಲ್ಲಿ ಗುರುತಿಸಲಾದ ಈ ಪ್ರದೇಶಕ್ಕೆ, ಆಗ ಲಂಡನ್ನಿನ ಸರ್ಕಾರದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಸರ್ ಇವಾನ್ ನೇಪಿಯನ್ ಅವರ ಹೆಸರನ್ನಿಟ್ಟರು. ಆಸ್ಟ್ರೇಲಿಯಾದ ಸಿಡ್ನಿಯ ಬಳಿ ಹರಿಯುವ ನೇಪಿಯನ್ ನದಿಗೂ ಅವರದೇ ಹೆಸರು. ರಿಡೋ ಕಾಲುವೆಯ ಕಾಮಗಾರಿಯ ಕಾಲದಲ್ಲಿ ಬೆಳೆದ ಬೈಟೌನ್ ಎಂಬ ಪಟ್ಟಣ, ಅಂದರೆ ಇಂದಿನ ರಾಜಧಾನಿ ಒಟ್ಟಾವಾ, ತಲೆಯೆತ್ತಿದ್ದು ಇದೇ ಟೌನ್‌ಶಿಪ್ಪಿನ ನೆಲದಲ್ಲಿ. ಮುಂದೆ ಆ ನಗರವೇ ಬೆಳೆದು ತನ್ನನ್ನು ಹೊತ್ತ ಟೌನ್‌ಶಿಪ್ಪನ್ನು ಹಂತಹಂತವಾಗಿ ನುಂಗುತ್ತ ಬಂದಿತು. 1950ರ ಆರಂಭದಲ್ಲಿ ನೇಪಿಯನ್‌ನ ದೊಡ್ಡ ಭಾಗವೊಂದು ಒಟ್ಟಾವಾ ನಗರಕ್ಕೆ ಸೇರಿತು. ಉಳಿದ ಭಾಗ 1978ರ ನವೆಂಬರಿನಲ್ಲಿ ತಾನೇ ಒಂದು ನಗರವೆಂದು ಘೋಷಿತವಾಯಿತು. ಆ ನಗರವೂ 2001ರ ಜನವರಿ 1ರಂದು ನೆರೆಹೊರೆಯ ಪೌರಾಡಳಿತಗಳ ಜೊತೆ ವಿಸ್ತೃತ ಒಟ್ಟಾವಾದಲ್ಲಿ ವಿಲೀನವಾಯಿತು. ನೇಪಿಯನ್ ಎಂಬ ಪೌರಾಡಳಿತ ಇಂದು ಇಲ್ಲ. ಅದು ಮುಚ್ಚಿಹೋದ ಹದಿನಾಲ್ಕು ವರ್ಷಗಳ ನಂತರ ಹೆಸರು ಮಾತ್ರ ಸಂಸತ್ ಕ್ಷೇತ್ರವಾಗಿ ಮರಳಿ ಬಂದಿತು.

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆಯನ್ನು ಗಮನಿಸಬೇಕು, ಏಕೆಂದರೆ ಮುಂದಿನ ಗಡಿ ಬದಲಾವಣೆಗಳಿಗೆಲ್ಲ ಅದೇ ಮೂಲ. 1950ರ ನಗರ ಯೋಜನೆಯೊಂದರ ಪ್ರಕಾರ ಒಟ್ಟಾವಾದ ಸುತ್ತ ಹಸಿರು ವಲಯವನ್ನು ಕಾಯ್ದಿಡಲು ನಿರ್ಧರಿಸಲಾಯಿತು. ಆ ದಶಕದ ಕೊನೆಯಿಂದ ಕೇಂದ್ರ ಸರ್ಕಾರವು ನೇಪಿಯನ್ ಮತ್ತು ಗ್ಲೌಸೆಸ್ಟರ್ ಟೌನ್‌ಶಿಪ್ಪುಗಳ ಕೃಷಿ ಭೂಮಿಯನ್ನು ಖರೀದಿಸಿ, ಕೆಲವೆಡೆ ಸ್ವಾಧೀನಪಡಿಸಿಕೊಂಡು, ಸುಮಾರು 20,000 ಹೆಕ್ಟೇರುಗಳ ಈ ವಲಯವನ್ನು ಕಟ್ಟಿತು. ನಗರದ ವಿಸ್ತರಣೆಯನ್ನು ತಡೆಯುವುದು ಇದರ ಉದ್ದೇಶವಾಗಿತ್ತು. ವಿಸ್ತರಣೆ ನಿಲ್ಲಲಿಲ್ಲ, ಹಸಿರು ವಲಯವನ್ನು ದಾಟಿ ಆಚೆ ಬದಿಗೆ ಹೋಯಿತು. ಪಶ್ಚಿಮಕ್ಕೆ ಕನಾಟಾ, ಪೂರ್ವಕ್ಕೆ ಓರ್ಲಿಯನ್ಸ್, ದಕ್ಷಿಣಕ್ಕೆ ಬಾರ್‌ಹೇವನ್ ಬೆಳೆದವು. 1960ರ ದಶಕದಲ್ಲಿ ಮೆಲ್ ಬಾರ್ ಎಂಬವರು ಕುದುರೆ ಓಟದ ಮೈದಾನಕ್ಕೆಂದು ಕೊಂಡಿದ್ದ ಜಮೀನಿನಿಂದ ಆರಂಭವಾದ ಬಾರ್‌ಹೇವನ್‌ನಲ್ಲಿ ಇಂದು ಸುಮಾರು ಒಂದು ಲಕ್ಷ ಜನರಿದ್ದಾರೆ. ಈಗಿನ ನೇಪಿಯನ್ ಕ್ಷೇತ್ರದ ಹೃದಯ ಇದೇ.

ಇನ್ನು ಸಂಸತ್ತಿನ ಕಥೆಗೆ ಬರೋಣ. ಕೆನಡಾ ಒಕ್ಕೂಟ 1867ರಲ್ಲಿ ಸ್ಥಾಪನೆಯಾದಾಗ ನೇಪಿಯನ್ ಟೌನ್‌ಶಿಪ್ ಕಾರ್ಲ್‌ಟನ್ ಕೌಂಟಿಯಲ್ಲಿತ್ತು ಮತ್ತು ಕಾರ್ಲ್‌ಟನ್ ಎಂಬ ಹೆಸರಿನ ಕ್ಷೇತ್ರಕ್ಕೆ ಸೇರಿತ್ತು. ಮುಂದಿನ ಒಂದು ಶತಮಾನ ಕಾಲ ಇದು ಕನ್ಸರ್ವೇಟಿವ್ ಪಕ್ಷದ ಭದ್ರ ನೆಲೆಯಾಗಿತ್ತು. ಇಲ್ಲಿನ ರೈತಾಪಿ ಕುಟುಂಬಗಳಲ್ಲಿ ಐರ್ಲೆಂಡ್ ಮೂಲದ ಪ್ರಾಟೆಸ್ಟೆಂಟರು ಬಹಳ ಮಂದಿಯಿದ್ದುದು ಅದಕ್ಕೆ ಮುಖ್ಯ ಕಾರಣ. ಕ್ಷೇತ್ರ ಸುರಕ್ಷಿತ, ಸಂಸತ್ ಭವನಕ್ಕೆ ಹತ್ತಿರ. ಈ ಎರಡೂ ಸೇರಿದ ಕಡೆ ಪಕ್ಷದ ನಾಯಕರ ಕಣ್ಣು ಬೀಳುವುದು ಸಹಜ, ಮತ್ತು ನಿಮ್ಮ ಕೊನೆಯ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಇಲ್ಲಿಂದ ತೊಡಗುತ್ತದೆ.

ಕೆನಡಾದ ಮೊದಲ ಪ್ರಧಾನಿ ಸರ್ ಜಾನ್ ಎ. ಮ್ಯಾಕ್‌ಡೊನಾಲ್ಡ್ 1882ರ ಚುನಾವಣೆಯಲ್ಲಿ ಕಾರ್ಲ್‌ಟನ್‌ನಿಂದ ಗೆದ್ದು 1887ರವರೆಗೆ ಅದನ್ನು ಪ್ರತಿನಿಧಿಸಿದರು. ಅವರ ಊರು ಕಿಂಗ್‌ಸ್ಟನ್. ಅಲ್ಲಿ 1878ರಲ್ಲಿ ಸೋತ ಮೇಲೆ ದೇಶದ ಇನ್ನೊಂದು ತುದಿಯ ವಿಕ್ಟೋರಿಯಾ ಕ್ಷೇತ್ರವನ್ನು, ಅಲ್ಲಿಗೆ ಒಮ್ಮೆಯೂ ಕಾಲಿಡದೆ, ಪ್ರತಿನಿಧಿಸಿದ್ದವರು ಅವರು. ಅಭ್ಯರ್ಥಿ ಆ ಕ್ಷೇತ್ರದ ನಿವಾಸಿಯಾಗಿರಬೇಕೆಂಬ ನಿಯಮ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎರಡನೆಯ ಪ್ರಸಂಗ ರಾಬರ್ಟ್ ಬೋರ್ಡನ್ ಅವರದು. ವಿರೋಧ ಪಕ್ಷದ ನಾಯಕರಾಗಿದ್ದ ಅವರು 1904ರ ಚುನಾವಣೆಯಲ್ಲಿ ತಮ್ಮ ಹ್ಯಾಲಿಫ್ಯಾಕ್ಸ್‌ನಲ್ಲಿಯೇ ಸೋತರು. ಆಗ ಕಾರ್ಲ್‌ಟನ್‌ನಿಂದ ಆಯ್ಕೆಯಾಗಿದ್ದ ಎಡ್ವರ್ಡ್ ಕಿಡ್ ರಾಜೀನಾಮೆ ಕೊಟ್ಟು ದಾರಿ ಬಿಟ್ಟರು. 1905ರ ಉಪಚುನಾವಣೆಯಲ್ಲಿ ಬೋರ್ಡನ್ ಅಲ್ಲಿಂದ ಸಂಸತ್ತಿಗೆ ಮರಳಿದರು. 1908ರಲ್ಲಿ ಅವರು ಹ್ಯಾಲಿಫ್ಯಾಕ್ಸ್ ಮತ್ತು ಕಾರ್ಲ್‌ಟನ್ ಎರಡರಲ್ಲೂ ಗೆದ್ದು ಹ್ಯಾಲಿಫ್ಯಾಕ್ಸನ್ನು ಉಳಿಸಿಕೊಂಡರು. ಬಿಟ್ಟುಕೊಟ್ಟ ಕಾರ್ಲ್‌ಟನ್‌ಗೆ ಕಿಡ್ ಮತ್ತೆ ಸದಸ್ಯರಾದರು. ಬೋರ್ಡನ್ 1911ರಲ್ಲಿ ಪ್ರಧಾನಿಯಾಗಿ ಮೊದಲ ಮಹಾಯುದ್ಧದ ಉದ್ದಕ್ಕೂ ದೇಶವನ್ನು ಮುನ್ನಡೆಸಿದವರು. ಅವರ ರಾಜಕೀಯ ಬದುಕು 1904ರಲ್ಲಿಯೇ ಮುಗಿಯದಿರುವಲ್ಲಿ ಕಿಡ್ ಅವರ ತ್ಯಾಗದ ಪಾಲು ಸಣ್ಣದಲ್ಲ.

ಮೂರನೆಯವರು ಜಾರ್ಜ್ ಡ್ರೂ. ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆಗಿದ್ದ ಅವರು 1948ರ ಪ್ರಾಂತೀಯ ಚುನಾವಣೆಯಲ್ಲಿ ಪಕ್ಷವನ್ನು ಗೆಲ್ಲಿಸಿ ಸ್ವಂತ ಕ್ಷೇತ್ರದಲ್ಲಿ ಸೋತರು. ಅದೇ ವರ್ಷ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ (ಕನ್ಸರ್ವೇಟಿವ್ ಪಕ್ಷದ ಆಗಿನ ಹೆಸರು) ಅವರನ್ನು ರಾಷ್ಟ್ರೀಯ ನಾಯಕರನ್ನಾಗಿ ಆರಿಸಿತು. ಕಾರ್ಲ್‌ಟನ್ ಸದಸ್ಯ ಜಾರ್ಜ್ ರಸೆಲ್ ಬೌಚರ್ ರಾಜೀನಾಮೆ ಕೊಟ್ಟರು, ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಡ್ರೂ ವಿರುದ್ಧ ನಿಂತವರು ಎಡಪಂಥೀಯ ಸಿಸಿಎಫ್ ಪಕ್ಷದ ಯೂಜೀನ್ ಫೋರ್ಸಿ, ಮುಂದೆ ಕೆನಡಾದ ಸಂವಿಧಾನದ ವಿಚಾರದಲ್ಲಿ ಎಲ್ಲ ಪಕ್ಷಗಳೂ ಗೌರವಿಸಿದ ವಿದ್ವಾಂಸರು. ಡ್ರೂ ಗೆದ್ದು 1957ರವರೆಗೆ ಸದಸ್ಯರಾಗಿದ್ದರು.

ಡ್ರೂ ನಂತರ ಬಂದ ರಿಚರ್ಡ್ ಬೆಲ್ ಸ್ವತಃ ನೇಪಿಯನ್‌ನವರು, ಪೌರತ್ವ ಮತ್ತು ವಲಸೆ ಖಾತೆಯ ಸಚಿವರೂ ಆದರು. ಆ ಖಾತೆ 1962ರ ಆಗಸ್ಟಿನಲ್ಲಿ ಅವರ ಕೈಗೆ ಬರುವ ಕೆಲವೇ ತಿಂಗಳ ಹಿಂದೆ, ಎಲೆನ್ ಫೇರ್‌ಕ್ಲೋ ಸಚಿವೆಯಾಗಿದ್ದಾಗ, ವಲಸಿಗರನ್ನು ಜನಾಂಗದ ಆಧಾರದ ಮೇಲೆ ಆರಿಸುವ ಹಳೆಯ ನಿಯಮವನ್ನು ಕೆನಡಾ ಬಹುಮಟ್ಟಿಗೆ ಕೈಬಿಟ್ಟಿತ್ತು. 1967ರಲ್ಲಿ ವಿದ್ಯಾಭ್ಯಾಸ, ಕೌಶಲಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಅಂಕ ಪದ್ಧತಿ ಜಾರಿಗೆ ಬಂದಿತು. ಭಾರತದಿಂದ ವಿದ್ಯಾವಂತರು ದೊಡ್ಡ ಸಂಖ್ಯೆಯಲ್ಲಿ ಹೋಗಿ ನೆಲೆಸಲು ಸಾಧ್ಯವಾದದ್ದು ಈ ಎರಡು ಹೆಜ್ಜೆಗಳಿಂದ. ಹಳೆಯ ಕಾರ್ಲ್‌ಟನ್‌ನ ಕೃಷಿ ಭೂಮಿ ಇಂದಿನ ಬಾರ್‌ಹೇವನ್ ಆದದ್ದರ ಹಿಂದೆ ಹಸಿರು ವಲಯದಷ್ಟೇ ಈ ವಲಸೆ ನೀತಿಯೂ ಇದೆ.

ಕಾರ್ಲ್‌ಟನ್ ಕ್ಷೇತ್ರ 1968ರ ಚುನಾವಣೆಯ ಹೊತ್ತಿಗೆ ಒಡೆದುಹೋಯಿತು. ಅದು ಹೇಗೆ ಎಂಬುದಕ್ಕೆ ಕೆನಡಾದ ಮರುವಿಂಗಡಣೆಯ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಕ್ಷೇತ್ರಗಳನ್ನು ಮರುಹೊಂದಿಸಬೇಕೆಂದು 1867ರ ಸಂವಿಧಾನ ಕಾಯ್ದೆಯೇ ಹೇಳುತ್ತದೆ. ಆದರೆ ಮೊದಲ ಶತಮಾನದಲ್ಲಿ ಗೆರೆ ಎಳೆಯುತ್ತಿದ್ದವರು ಸಂಸದರೇ, ಬಹುಮತವಿದ್ದ ಪಕ್ಷ ತನಗೆ ಬೇಕಾದಂತೆ ಎಳೆಯುತ್ತಿತ್ತು. 1964ರ ಕಾಯ್ದೆ ಇದನ್ನು ನಿಲ್ಲಿಸಿ ಪ್ರತಿ ಪ್ರಾಂತ್ಯಕ್ಕೂ ಸ್ವತಂತ್ರ ಆಯೋಗವನ್ನು ತಂದಿತು. ಅದರಲ್ಲಿ ಈಗ ಮೂವರು ಸದಸ್ಯರಿರುತ್ತಾರೆ. ಅಧ್ಯಕ್ಷರಾಗಿ ಒಬ್ಬ ನ್ಯಾಯಾಧೀಶರನ್ನು ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿಗಳು ನೇಮಿಸುತ್ತಾರೆ. ಉಳಿದ ಇಬ್ಬರನ್ನು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಸ್ಪೀಕರ್ ಆರಿಸುತ್ತಾರೆ. ಪ್ರಾಂತ್ಯದ ಜನಸಂಖ್ಯೆಯನ್ನು ಸ್ಥಾನಗಳಿಂದ ಭಾಗಿಸಿ ಬಂದ ಸರಾಸರಿಗಿಂತ ಯಾವ ಕ್ಷೇತ್ರವೂ, ಅಸಾಧಾರಣ ಕಾರಣವಿಲ್ಲದೆ, ಶೇಕಡಾ 25ಕ್ಕಿಂತ ಹೆಚ್ಚಾಗಿ ಏರಬಾರದು, ಇಳಿಯಬಾರದು. ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ಸಂಸದರು ಆಕ್ಷೇಪ ಸಲ್ಲಿಸಬಹುದು, ಆದರೆ ಕೊನೆಯ ಮಾತು ಆಯೋಗದ್ದು. ಗೆರೆ ಎಳೆಯುವ ಅಧಿಕಾರವನ್ನು ಸಂಸದರೇ ತಮ್ಮ ಕೈಯಿಂದ ಬಿಟ್ಟುಕೊಟ್ಟ ಈ ಕಾಯ್ದೆಯನ್ನು ನಾನು ಕೆನಡಾದ ಪ್ರಜಾಪ್ರಭುತ್ವದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ನಗರದ ಅಂಚಿನಲ್ಲಿ ವೇಗವಾಗಿ ಬೆಳೆಯುತ್ತಿರುವ ಪ್ರದೇಶಕ್ಕೆ ಈ ಪದ್ಧತಿಯಲ್ಲಿ ಸ್ಥಿರವಾದ ಗಡಿ ಸಿಗುವುದಿಲ್ಲ. ಪ್ರತಿ ಜನಗಣತಿಯಲ್ಲೂ ಮಿತಿ ಮೀರುತ್ತದೆ, ಪ್ರತಿ ಬಾರಿಯೂ ಗೆರೆ ಸರಿಯುತ್ತದೆ. ನೇಪಿಯನ್‌ನ ಹಣೆಬರಹ ಇದೇ ಆಗಿತ್ತು. 1979ರ ಚುನಾವಣೆಗೆ ಮೊದಲ ನೇಪಿಯನ್–ಕಾರ್ಲ್‌ಟನ್ ರಚನೆಯಾಯಿತು. ಅಲ್ಲಿಂದ ಗೆದ್ದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್, ಜೋ ಕ್ಲಾರ್ಕ್ ಅವರ ಅಲ್ಪಾವಧಿಯ ಸರ್ಕಾರದಲ್ಲಿ ಸದನದ ನಾಯಕರಾಗಿದ್ದರು. ಅವರು 1983ರಲ್ಲಿ ಸದಸ್ಯರಾಗಿರುವಾಗಲೇ ತೀರಿಕೊಂಡರು. 1984ರಲ್ಲಿ ಅದೇ ಪಕ್ಷದ ಬಿಲ್ ಟಪ್ಪರ್ ಗೆದ್ದರು. 1987ರ ಮರುವಿಂಗಡಣೆಯಲ್ಲಿ ಗ್ರಾಮೀಣ ಭಾಗಗಳು ಲನಾರ್ಕ್–ಕಾರ್ಲ್‌ಟನ್ ಮತ್ತು ಕಾರ್ಲ್‌ಟನ್–ಗ್ಲೌಸೆಸ್ಟರ್ ಕ್ಷೇತ್ರಗಳಿಗೆ ಹೋದವು. ಬಹುಪಾಲು ನೇಪಿಯನ್ ನಗರವನ್ನೇ ಒಳಗೊಂಡ ಮೊದಲ ನೇಪಿಯನ್ ಕ್ಷೇತ್ರ ಹುಟ್ಟಿದ್ದು ಆಗ.

ಫಲಿತಾಂಶ ಕೂಡಲೇ ಬದಲಾಯಿತು. ಪ್ರಧಾನಿ ಬ್ರಯನ್ ಮಲ್ರೋನಿ ಅವರ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ದೇಶದಲ್ಲಿ ಬಹುಮತ ಗಳಿಸಿದ 1988ರ ಚುನಾವಣೆಯಲ್ಲಿಯೇ ಇಲ್ಲಿ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಆಯ್ಕೆಯಾದರು. 1993ರಲ್ಲಿ ಮತ್ತೆ ಗೆದ್ದರು. ರೈತರ ಕಾರ್ಲ್‌ಟನ್‌ನಿಂದ ಸರ್ಕಾರಿ ನೌಕರರ ಬಡಾವಣೆಗಳನ್ನು ಬೇರ್ಪಡಿಸಿದರೆ ಮತದ ಒಲವು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆ. 1997ಕ್ಕೆ ಆಯೋಗವು ನಗರವನ್ನು ಎರಡಾಗಿಸಿತು. ಉತ್ತರ ಭಾಗ ಒಟ್ಟಾವಾ ಪಶ್ಚಿಮ–ನೇಪಿಯನ್ ಎಂಬ ಹೊಸ ಕ್ಷೇತ್ರಕ್ಕೆ ಸೇರಿತು, ಅದು ಇಂದಿಗೂ ಆ ಹೆಸರಿನಲ್ಲಿದೆ. ದಕ್ಷಿಣ ಭಾಗ ಸುತ್ತಲ ಹಳ್ಳಿಗಳೊಂದಿಗೆ ಎರಡನೆಯ ನೇಪಿಯನ್–ಕಾರ್ಲ್‌ಟನ್ ಆಯಿತು.

ಈ ಎರಡನೆಯ ಜೋಡಿ ಕ್ಷೇತ್ರದಲ್ಲಿ 1997 ಮತ್ತು 2000ರಲ್ಲಿ ಗೆದ್ದವರು ಲಿಬರಲ್ ಪಕ್ಷದ ಡೇವಿಡ್ ಪ್ರಾಟ್. ಆ ವರ್ಷಗಳಲ್ಲಿ ಬಲಪಂಥದ ಮತ ಎರಡು ಪಕ್ಷಗಳ ನಡುವೆ ಒಡೆದಿತ್ತು. ಒಂಟಾರಿಯೊದ 103 ಸ್ಥಾನಗಳಲ್ಲಿ ಲಿಬರಲ್ಲರು 1997ರಲ್ಲಿ 101ನ್ನು, 2000ದಲ್ಲಿ 100ನ್ನು ಬಾಚಿಕೊಂಡಿದ್ದರು. 2003ರ ಡಿಸೆಂಬರಿನಲ್ಲಿ ಆ ಎರಡು ಪಕ್ಷಗಳು ಒಂದಾಗಿ ಇಂದಿನ ಕನ್ಸರ್ವೇಟಿವ್ ಪಕ್ಷವಾದವು. ಅದೇ ತಿಂಗಳು ಪ್ರಾಟ್ ರಕ್ಷಣಾ ಸಚಿವರಾದರು. ಆರು ತಿಂಗಳ ನಂತರ, 2004ರ ಜೂನ್ ಚುನಾವಣೆಯಲ್ಲಿ, ಹಾಲಿ ರಕ್ಷಣಾ ಸಚಿವರನ್ನು ಇಪ್ಪತ್ತೈದು ವರ್ಷದ ಪಿಯೆರ್ ಪೊಲಿಯೆವ್ ಸೋಲಿಸಿದರು. 2015ರವರೆಗೆ ಕ್ಷೇತ್ರ ಅವರ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಬಾರ್‌ಹೇವನ್ ಬೆಳೆದ ವೇಗಕ್ಕೆ ನೇಪಿಯನ್–ಕಾರ್ಲ್‌ಟನ್ ಒಂದೇ ಕ್ಷೇತ್ರವಾಗಿ ಉಳಿಯುವುದು ಅಸಾಧ್ಯವಾಗಿತ್ತು. ಕಾಮನ್ಸ್ ಸಭೆಯ ಸ್ಥಾನಗಳನ್ನು 308ರಿಂದ 338ಕ್ಕೂ ಒಂಟಾರಿಯೊದ ಪಾಲನ್ನು 106ರಿಂದ 121ಕ್ಕೂ ಏರಿಸಿದ ಮರುವಿಂಗಡಣೆ 2015ರಲ್ಲಿ ಜಾರಿಗೆ ಬಂದಾಗ ಅದು ಇಬ್ಭಾಗವಾಯಿತು. ಬಾರ್‌ಹೇವನ್ ಮತ್ತು ಒಟ್ಟಾವಾ ಪಶ್ಚಿಮ–ನೇಪಿಯನ್‌ನಿಂದ ಬಂದ ಕೆಲವು ಬಡಾವಣೆಗಳು ಸೇರಿ ಎರಡನೆಯ ನೇಪಿಯನ್ ಹುಟ್ಟಿತು. ಹಳ್ಳಿಗಾಡು ಹೆಚ್ಚಾಗಿದ್ದ ಭಾಗಕ್ಕೆ ಕಾರ್ಲ್‌ಟನ್ ಎಂಬ ಹಳೆಯ ಹೆಸರು ಮರಳಿತು. ಪೊಲಿಯೆವ್ ಕಾರ್ಲ್‌ಟನ್ ಆರಿಸಿಕೊಂಡು ಗೆದ್ದರು. ತೆರವಾದ ನೇಪಿಯನ್‌ನಲ್ಲಿ ಲಿಬರಲ್ ಪಕ್ಷದಿಂದ ನಿಂತವರು ಚಂದ್ರ ಆರ್ಯ.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದಲ್ಲಿ ಹುಟ್ಟಿ, ಧಾರವಾಡದಲ್ಲಿ ಎಂಬಿಎ ಓದಿ, 2006ರಲ್ಲಿ ಕೆನಡಾಕ್ಕೆ ಹೋದ ಅವರು, ಅಲ್ಲಿಗೆ ಕಾಲಿಟ್ಟು ಹತ್ತು ವರ್ಷ ತುಂಬುವ ಮೊದಲೇ ಸಂಸದರಾದರು. 2015ರಲ್ಲಿ ಚಲಾಯಿತ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೆ ಬಂದವು. 2019 ಮತ್ತು 2021ರಲ್ಲಿ ಮತ್ತೆ ಗೆದ್ದರು. 2022ರ ಮೇ ತಿಂಗಳಲ್ಲಿ, ಸದಸ್ಯರ ಹೇಳಿಕೆಗಳಿಗೆ ಮೀಸಲಾದ ಅವಧಿಯಲ್ಲಿ, ಕಾಮನ್ಸ್ ಸಭೆಯಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ಆ ಒಂದು ನಿಮಿಷ ನೇಪಿಯನ್ ಎಂಬ ಹೆಸರನ್ನು ನಮ್ಮ ಊರೂರಿಗೆ ತಲುಪಿಸಿತು. ಆದರೆ ಅವರ ಮೂರು ಗೆಲುವುಗಳನ್ನು ಭಾರತೀಯ ಮೂಲದವರ ಮತದ ಗೆಲುವೆಂದು ಓದುವುದು ಸರಿಯಲ್ಲ. ಬಾರ್‌ಹೇವನ್‌ನಲ್ಲಿ ಚೀನಾ, ಭಾರತ, ಅರಬ್ ದೇಶಗಳ ಮೂಲದವರೂ ಹಳೆಯ ಇಂಗ್ಲಿಷ್ ಮಾತಿನ ಕುಟುಂಬಗಳೂ ಒಟ್ಟಿಗೆ ಇದ್ದಾರೆ, ಸರ್ಕಾರಿ ಮತ್ತು ತಂತ್ರಜ್ಞಾನ ವಲಯದ ಉದ್ಯೋಗಿಗಳು ಬಹಳ. ಗ್ಯಾಫ್ನಿ ಅವರನ್ನು ಗೆಲ್ಲಿಸಿದ ಬಗೆಯ ಮತದಾರರೇ ಮೂವತ್ತು ವರ್ಷಗಳ ನಂತರ, ಇನ್ನಷ್ಟು ದಕ್ಷಿಣಕ್ಕೆ ಸರಿದ ನೇಪಿಯನ್‌ನಲ್ಲಿ, ಆರ್ಯ ಅವರನ್ನೂ ಗೆಲ್ಲಿಸಿದರು.

2025ರ ಆರಂಭದಲ್ಲಿ ಜಸ್ಟಿನ್ ಟ್ರೂಡೊ ನಾಯಕತ್ವ ಬಿಡುವುದಾಗಿ ಪ್ರಕಟಿಸಿದಾಗ ಆರ್ಯ ತಾವೂ ಸ್ಪರ್ಧಿಸುವುದಾಗಿ ಹೇಳಿದರು. ಪಕ್ಷ ಅವರಿಗೆ ಸ್ಪರ್ಧೆಗೆ ಅನುಮತಿ ಕೊಡಲಿಲ್ಲ. ನಾಯಕತ್ವ ಗೆದ್ದ ಮಾರ್ಕ್ ಕಾರ್ನಿ ಮಾರ್ಚ್ 14ರಂದು ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿದರು. ಆಗ ಅವರು ಸಂಸತ್ ಸದಸ್ಯರೇ ಆಗಿರಲಿಲ್ಲ. ಅದೇ ತಿಂಗಳು ಪಕ್ಷವು ನೇಪಿಯನ್‌ನಲ್ಲಿ ಆರ್ಯ ಅವರ ಉಮೇದುವಾರಿಕೆಯನ್ನು ಹಿಂಪಡೆಯಿತು. ಕೆಲವೇ ದಿನಗಳಲ್ಲಿ ಕಾರ್ನಿ ಅಲ್ಲಿನ ಅಭ್ಯರ್ಥಿಯೆಂದು ಘೋಷಣೆಯಾಯಿತು. ಏಪ್ರಿಲ್ 28ರ ಚುನಾವಣೆಯಲ್ಲಿ ಅವರು ಶೇಕಡಾ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಈಗ ನಿಮ್ಮ ಪದ್ಧತಿಯ ಪ್ರಶ್ನೆ. ನಾಯಕರಿಗೆ ಕ್ಷೇತ್ರ ತೆರವು ಮಾಡಿಕೊಡುವುದು ಅಲ್ಲಿ ಹಳೆಯ ಪದ್ಧತಿಯೇ, ಈ ನೆಲದಲ್ಲಂತೂ ನೂರು ವರ್ಷಕ್ಕೂ ಹಳೆಯದು. ನಮಗೂ ಇದು ಹೊಸದಲ್ಲ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದನ್ನು ಕರ್ನಾಟಕ ಮರೆತಿಲ್ಲ. ಆದರೆ ಕಿಡ್, ಬೌಚರ್ ಅವರ ಪ್ರಸಂಗಗಳನ್ನೂ ಆರ್ಯ ಅವರದನ್ನೂ ಒಂದೇ ಸಾಲಿನಲ್ಲಿ ಇಡುವವರು ಒಂದು ಮುಖ್ಯ ವ್ಯತ್ಯಾಸವನ್ನು ಮರೆಮಾಡುತ್ತಾರೆ. ಮೊದಲಿನ ಇಬ್ಬರು ಗೆದ್ದ ಸ್ಥಾನಕ್ಕೆ ತಾವೇ ರಾಜೀನಾಮೆ ಕೊಟ್ಟವರು. ಆರ್ಯ ರಾಜೀನಾಮೆ ಕೊಡಲಿಲ್ಲ, ಸಂಸತ್ತು ವಿಸರ್ಜನೆಯಾಗುವವರೆಗೂ ಸದಸ್ಯರಾಗಿಯೇ ಇದ್ದರು. ಅವರಿಗೆ ತಪ್ಪಿದ್ದು ಪಕ್ಷದ ಟಿಕೆಟ್. ಇದು ಸಾಧ್ಯವಾದದ್ದು 1970ರ ಚುನಾವಣಾ ಕಾನೂನಿನಿಂದ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನೊಂದಿಗೆ ಪಕ್ಷದ ಹೆಸರನ್ನೂ ಮುದ್ರಿಸಲು ಅವಕಾಶ ಕೊಟ್ಟ ಆ ಕಾನೂನು, ಅದಕ್ಕೆ ಪಕ್ಷದ ನಾಯಕರ ಸಹಿಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಬಿ ಫಾರಂ ಮಾಡುವ ಕೆಲಸವನ್ನು ಅಲ್ಲಿ ಆ ಸಹಿ ಮಾಡುತ್ತದೆ. 2014ರ ಸುಧಾರಣೆಯ ನಂತರ ನಾಯಕರ ಬದಲು ಪಕ್ಷ ಗೊತ್ತುಪಡಿಸಿದ ವ್ಯಕ್ತಿ ಸಹಿ ಹಾಕಬಹುದು, ಆದರೆ ಅಧಿಕಾರ ಇರುವುದು ಪಕ್ಷದ ಕೇಂದ್ರದಲ್ಲಿಯೇ. ಕಿಡ್ ಅವರ ಕಾಲದಲ್ಲಿ ನಾಯಕರು ಸ್ಥಳೀಯ ಸದಸ್ಯರ ಒಪ್ಪಿಗೆಯನ್ನು ಕೇಳಬೇಕಿತ್ತು. 2025ರಲ್ಲಿ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಹತ್ತು ವರ್ಷ ದುಡಿದ ಸದಸ್ಯರೊಬ್ಬರ ವಿಷಯದಲ್ಲಿ ಕ್ಷೇತ್ರದ ಪಕ್ಷ ಸದಸ್ಯರಿಗೆ ಮಾತಾಡಲು ಅವಕಾಶವಿಲ್ಲದ ಈ ವ್ಯವಸ್ಥೆ, ಯಾವ ಪಕ್ಷ ಬಳಸಿದರೂ, ಸ್ಥಳೀಯ ಪ್ರಾತಿನಿಧ್ಯವನ್ನು ದುರ್ಬಲಗೊಳಿಸುತ್ತದೆಂದೇ ನನ್ನ ತಿಳಿವಳಿಕೆ.

ಪಕ್ಕದ ಕಾರ್ಲ್‌ಟನ್‌ನಲ್ಲಿ ಅದೇ ದಿನ ನಡೆದದ್ದನ್ನೂ ಇಲ್ಲಿ ಹೇಳಬೇಕು. ಮರುಹೊಂದಿಸಿದ ಗಡಿಗಳಲ್ಲಿ, 91 ಅಭ್ಯರ್ಥಿಗಳ ಹೆಸರಿದ್ದ ಮತಪತ್ರದಲ್ಲಿ, ವಿರೋಧ ಪಕ್ಷದ ನಾಯಕ ಪೊಲಿಯೆವ್ ಅವರನ್ನು ಲಿಬರಲ್ ಪಕ್ಷದ ಬ್ರೂಸ್ ಫ್ಯಾನ್‌ಜಾಯ್ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಅಷ್ಟೊಂದು ಹೆಸರುಗಳು ಬಂದದ್ದು ಚುನಾವಣಾ ಪದ್ಧತಿಯನ್ನೇ ಬದಲಿಸಬೇಕೆನ್ನುವ ಗುಂಪೊಂದರ ಪ್ರತಿಭಟನೆಯಿಂದ. ಸೋತ ಪೊಲಿಯೆವ್‌ಗಾಗಿ ಆಲ್ಬರ್ಟಾ ಪ್ರಾಂತ್ಯದ ಬ್ಯಾಟಲ್ ರಿವರ್–ಕ್ರೋಫುಟ್ ಕ್ಷೇತ್ರದ ಸದಸ್ಯರು ರಾಜೀನಾಮೆ ಕೊಟ್ಟರು, ಆಗಸ್ಟಿನ ಉಪಚುನಾವಣೆಯಲ್ಲಿ ಅವರು ಅಲ್ಲಿಂದ ಸಂಸತ್ತಿಗೆ ಮರಳಿದರು. ಸೋತ ನಾಯಕರಿಗೆ 1905ರಲ್ಲಿ ಆಶ್ರಯ ಕೊಟ್ಟ ಹೆಸರಿನ ಕ್ಷೇತ್ರವೇ 2025ರಲ್ಲಿ ನಾಯಕರೊಬ್ಬರನ್ನು ಹೊರಗೆ ಕಳಿಸಿತು. ಹಳೆಯ ಕನ್ಸರ್ವೇಟಿವ್ ನೆಲದಲ್ಲಿ ಹೊಸ ಬಡಾವಣೆಗಳ ತೂಕ ಎಷ್ಟು ಹೆಚ್ಚಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಕೊನೆಯದಾಗಿ, ನೇಪಿಯನ್ ಹೀಗೆಯೇ ಉಳಿಯುತ್ತದೆಯೇ ಎಂಬ ಪ್ರಶ್ನೆ. ಈಗಿನ ಗಡಿಗಳು ಒಟ್ಟು 343 ಸ್ಥಾನಗಳಲ್ಲಿ ಒಂಟಾರಿಯೊಗೆ 122ನ್ನು ಕೊಟ್ಟ 2023ರ ಆದೇಶದವು, ಅವುಗಳ ಮೇಲೆ ನಡೆದ ಮೊದಲ ಮಹಾಚುನಾವಣೆ 2025ರದು. ಮುಂದಿನ ಆಯೋಗಗಳು ರಚನೆಯಾಗುವುದು 2031ರ ಜನಗಣತಿಯ ನಂತರ. ಬಾರ್‌ಹೇವನ್‌ನ ದಕ್ಷಿಣಕ್ಕೆ ಈಗಲೂ ಹೊಸ ಮನೆಗಳು ಏಳುತ್ತಿರುವುದರಿಂದ, ಹೆಸರು ಉಳಿದರೂ ಗೆರೆ ಆಗ ಮತ್ತೊಮ್ಮೆ ಸರಿಯುವ ಸಾಧ್ಯತೆಯೇ ಹೆಚ್ಚು.